ಓದಿ ಹೇಳುವವಳು

ನಮ್ಮ ಡಿಸೆಕ್ಷನ್ ಹಾಲಿನಲ್ಲಿ ಒಂದು ಪದ್ಧತಿಯಿತ್ತು. ಒಂದೊಂದು ಮೇಜಿಗೆ ಎಂಟು ಜನ ವಿದ್ಯಾರ್ಥಿಗಳು. ಎಂಟೂ ಜನ ಒಂದೇ ದೇಹದ ಮೇಲೆ ಒಟ್ಟಿಗೆ ಕೈಯಿಡಲು ಆಗುವುದಿಲ್ಲ. ಹಾಗಾಗಿ ಒಬ್ಬರು ಕೊಯ್ಯಬೇಕು, ಒಬ್ಬರು ಫೋರ್ಸೆಪ್ಸಿನಲ್ಲಿ ಚರ್ಮ ಎತ್ತಿ ಹಿಡಿಯಬೇಕು, ಒಬ್ಬರು ತಲೆಯ ಬಳಿ ನಿಂತು ಮ್ಯಾನ್ಯುಯಲ್ ಓದಿ ಹೇಳಬೇಕು. ಉಳಿದವರು ನೋಡಬೇಕು. ಕೊಯ್ಯುವವರ ಕೈ ಫಾರ್ಮಲಿನ್ ಮತ್ತು ಕೊಬ್ಬಿನಿಂದ ಜಿಡ್ಡಾಗಿರುವುದರಿಂದ ಅವರು ಪುಸ್ತಕ ಮುಟ್ಟುವಂತಿಲ್ಲ. ಮುಂದೇನಿದೆ ಎಂಬುದು ಓದುವವರು ಹೇಳಿದಷ್ಟೇ ಅವರಿಗೆ ಗೊತ್ತು.

ವಾರಕ್ಕೊಮ್ಮೆ ಈ ಕೆಲಸಗಳು ಕೈ ಬದಲಾಗಬೇಕೆಂಬುದು ನಿಯಮ. ನಮ್ಮ ಮೇಜಿನಲ್ಲಿ ಬದಲಾಗಲಿಲ್ಲ. ಹದಿನೈದು ತಿಂಗಳು ಕೃಪಾ ಕೊಯ್ದಳು, ನಾನು ಓದಿದೆ.

ನಾವು ವಡೋದರಾದ ಆ ಮೆಡಿಕಲ್ ಕಾಲೇಜಿಗೆ ಸೇರಿದ್ದು ಸೂರತ್ತಿನಲ್ಲಿ ಪ್ಲೇಗ್ ಬಂತೆಂದು ಊರೂರೇ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ವರ್ಷ. ಬಸ್ಸಿನಲ್ಲಿ ಕಂಡಕ್ಟರನೂ ಕಟ್ಟಿಕೊಂಡಿರುತ್ತಿದ್ದ. ಡಿಸೆಕ್ಷನ್ ಹಾಲಿನ ಬಾಗಿಲಲ್ಲಿ ಮಾತ್ರ ನಾವು ಅದನ್ನು ಬಿಚ್ಚಿಡಬೇಕಾಗಿತ್ತು. ವಿಭಾಗದ ಮುಖ್ಯಸ್ಥರಾದ ಡಾ. ಮಾಂಕಡ್ ಮೂಗು ಮುಚ್ಚಿಕೊಂಡವರನ್ನು ಹೊರಗೆ ಕಳಿಸುತ್ತಿದ್ದರು. "ಅವರು ನಿಮಗೋಸ್ಕರ ಮಲಗಿದ್ದಾರೆ. ಅವರೆದುರು ಮೂಗು ಮುಚ್ಚಿದರೆ ಅವರಿಗೆ ಅವಮಾನ" ಎನ್ನುತ್ತಿದ್ದರು. ಹೆಸರು ತಿಳಿಯದ ಆ ದೇಹಗಳನ್ನು ಅವರು ಬಹುವಚನದಲ್ಲೇ ಕರೆಯುತ್ತಿದ್ದರು. ನಮ್ಮನ್ನು ಏಕವಚನದಲ್ಲಿ.

ಮೊದಲ ದಿನ ನಮ್ಮ ನಾಲ್ಕನೇ ಮೇಜಿನ ಮುಂದೆ ಯಾರೂ ಸ್ಕಾಲ್ಪೆಲ್ ತೆಗೆದುಕೊಳ್ಳಲಿಲ್ಲ. ಸೂರತ್ತಿನ ಹೇಮಾಂಗ್‌ನತ್ತ ಎಲ್ಲರೂ ನೋಡಿದರು. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ವಜ್ರ ಉಜ್ಜುವ ಕೆಲಸ. ಅವನು ಎರಡು ಹೆಜ್ಜೆ ಹಿಂದೆ ಸರಿದು, "ವಜ್ರಕ್ಕೆ ಕಣ್ಣಿರಲ್ಲಪ್ಪಾ, ಇವರು ನೋಡ್ತಿದ್ದಾರೆ" ಎಂದ. ಅಷ್ಟರಲ್ಲಿ ಮಾಂಕಡ್ ಸರ್ ಬಂದು ನನ್ನ ಪಕ್ಕ ನಿಂತಿದ್ದ ತೆಳ್ಳನೆಯ ಹುಡುಗಿಯ ಕೈಗೆ ಮ್ಯಾನ್ಯುಯಲ್ ಕೊಟ್ಟು, "ನೀನು ಓದು" ಎಂದರು. ಅವಳು ಒಂದು ಸಾಲಿನ ಇಂಗ್ಲಿಷನ್ನು ಮುಳ್ಳಿನ ಬೇಲಿ ದಾಟುವವಳ ಹಾಗೆ ದಾಟಿದಳು. ಹಿಂದಿನಿಂದ ಯಾರೋ ನಕ್ಕರು. ಮೂರನೇ ಸಾಲಿನಲ್ಲಿ ನಿಂತುಬಿಟ್ಟಳು. ಪುಸ್ತಕವನ್ನು ನನ್ನ ಕೈಗೆ ತುರುಕಿ, ಟ್ರೇಯಿಂದ ಸ್ಕಾಲ್ಪೆಲ್ ತೆಗೆದುಕೊಂಡು, ತನಗಷ್ಟೇ ಕೇಳುವಂತೆ, "ಯಪ್ಪಾ ಶಿವನ" ಎಂದಳು.

ನನಗೆ ಕೇಳಿಸಿತು. ನಾಲ್ಕು ವರ್ಷಗಳಲ್ಲಿ ನಮ್ಮ ಮನೆಯ ಹೊರಗೆ ನಾನು ಕೇಳಿದ ಮೊದಲ ಕನ್ನಡ ಅದು.

ಎದೆಯ ನಡುವೆ ಮೇಲಿನಿಂದ ಕೆಳಗೆ ಅವಳು ಒಂದು ಗೆರೆ ಎಳೆದಳು. ಚರ್ಮ ಮಾತ್ರ ಬಿಚ್ಚಿತು. ಅದರ ಕೆಳಗಿನ ಹಳದಿ ಕೊಬ್ಬಿಗೆ ಒಂದು ಗೀರೂ ಬೀಳಲಿಲ್ಲ. ಬೇರೆ ಮೇಜುಗಳಲ್ಲಿ ಕೆಲವರು ಎಲುಬಿನ ತನಕ ಇಳಿಸಿದ್ದರು. ಮಾಂಕಡ್ ಸರ್ ಬಗ್ಗಿ ನೋಡಿ, "ಇದಕ್ಕೆ ಮುಂಚೆ ಎಲ್ಲಿ ಕಲಿತೆ?" ಎಂದು ಕೇಳಿದರು.

"ಎಲ್ಲೂ ಇಲ್ಲ ಸರ್. ನಮ್ಮ ಪಪ್ಪ ಲೇಥ್ ಮೇಲೆ ಕೆಲಸ ಮಾಡ್ತಾರೆ," ಎಂದಳು ಗುಜರಾತಿಯಲ್ಲಿ, ಅದೇ ಉತ್ತರವೆನ್ನುವ ಹಾಗೆ.

ಹೀಗೆ ಕೆಲಸಗಳು ಹಂಚಿಹೋದವು. ಅವಳ ನಾಚಿಕೆ ನನ್ನ ಕೈಗೆ ಪುಸ್ತಕ ಕೊಟ್ಟಿತು.

ಕೃಪಾಳ ತಂದೆ ಬಸವರಾಜ ಅವರು ಗದಗಿನವರು. ಇಪ್ಪತ್ತೈದು ವರ್ಷದ ಹಿಂದೆ ವಡೋದರಾದ ಮಕರಪುರಾದಲ್ಲಿದ್ದ ಒಂದು ಕಾರ್ಖಾನೆಗೆ ಟರ್ನರ್ ಆಗಿ ಬಂದು ಮಂಜಲ್‌ಪುರದಲ್ಲಿ ಮನೆ ಮಾಡಿದ್ದರು. ಅವಳು ಹುಟ್ಟಿದ್ದು ಅಲ್ಲೇ, ಹನ್ನೆರಡನೆಯ ತನಕ ಓದಿದ್ದು ಗುಜರಾತಿ ಮೀಡಿಯಮ್ಮಿನಲ್ಲಿ. "ನನಗ ಕನ್ನಡ ಬರೋದು ಅಡಗಿಮನಿದಷ್ಟ. ಹೊರಗಿನ ಕನ್ನಡ ಗೊತ್ತಿಲ್ಲ" ಎನ್ನುತ್ತಿದ್ದಳು. ನಮ್ಮದು ಧಾರವಾಡ. ಅಪ್ಪನಿಗೆ ಬ್ಯಾಂಕಿನ ವರ್ಗವಾಗಿ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಇಲ್ಲಿಗೆ ಬಂದೆವು. ಆಮೇಲೆ ಅವರ ಆಫೀಸು ಅಹಮದಾಬಾದಿಗೆ ಬದಲಾಯಿತು. ನನ್ನ ಓದು ಕೆಡಬಾರದೆಂದು ಮನೆ ಬದಲಾಯಿಸದೆ ಅವರು ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನಾನು ಇಂಗ್ಲಿಷ್ ಮೀಡಿಯಮ್, ಶಾಲೆಗೆ ಮೊದಲನೆಯವಳು. ಎಂಟನೆಯ ವಯಸ್ಸಿನಿಂದ ಸರ್ಜನ್ ಆಗುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ಬಂದವಳು.

ಶುರುವಿನಲ್ಲಿ ನಾನು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕೃಪಾಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗಿದ್ದ ಕನ್ನಡ ಅಡಿಗೆಮನೆಯದಾದ್ದರಿಂದ ನಮ್ಮ ಅಂಗರಚನಾಶಾಸ್ತ್ರವೂ ಅಲ್ಲಿಂದಲೇ ಬಂತು. ಕೊಬ್ಬು ಬೆಣ್ಣಿ, ಸ್ನಾಯುಗಳ ಮೇಲಿನ ಪೊರೆ ಹಾಲಿನ ಕೆನಿ, ನರ ಅಂದರೆ ಹಸಿ ಶ್ಯಾವಿಗಿ, ಗ್ರಂಥಿ ಅಂದರೆ ನಾದಿಟ್ಟ ಕಣಕ. "ಕೆನಿ ತಗಿ. ಕೆಳಗ ಎರಡು ಶ್ಯಾವಿಗಿ ಅದಾವ, ಒಂದು ದಪ್ಪ, ಒಂದು ಸಣ್ಣ" ಎಂದು ನಾನು ಹೇಳಿದರೆ ಅವಳ ಕೈ ಅಲ್ಲಿಗೆ ಹೋಗಿ, ನಾನು ಪುಸ್ತಕದಲ್ಲಿ ಮಾತ್ರ ಕಂಡದ್ದನ್ನು ಬೆಳಕಿಗೆ ತರುತ್ತಿತ್ತು. ಬರಬರುತ್ತ ಇಂಗ್ಲಿಷ್ ಓದುವುದನ್ನು ಬಿಟ್ಟೆ. ಉಳಿದವರು ಮನೆಯಲ್ಲೇ ಓದಿಕೊಂಡು ಬರುತ್ತಿದ್ದರು, ಇಲ್ಲವೇ ಚಹಾಕ್ಕೆ ಹೋಗಿರುತ್ತಿದ್ದರು. ನಾನು ಕಣ್ಣಲ್ಲಿ ಇಂಗ್ಲಿಷ್ ಓದಿ ಬಾಯಲ್ಲಿ ನೇರ ಕನ್ನಡ ಆಡುತ್ತಿದ್ದೆ. ಫೋರ್ಸೆಪ್ಸ್ ಹಿಡಿದು ನಿಂತ ಹೇಮಾಂಗ್, "ನೀವಿಬ್ಬರೂ ಇವರನ್ನು ಕೊಯ್ತಿದ್ದೀರೋ, ಅಡಿಗೆ ಮಾಡ್ತಿದ್ದೀರೋ ನನಗೆ ಹೇಗೆ ಗೊತ್ತಾಗಬೇಕು?" ಎಂದು ಗೊಣಗುತ್ತಿದ್ದ.

ಬಾಯಿ ನನ್ನದು, ಹೆಸರು ಅವಳದು. ಇದು ನನಗೆ ಒಂದೇ ದಿನದಲ್ಲಿ ತಿಳಿದದ್ದಲ್ಲ. ಬೇರೆ ಮೇಜಿನವರು ಬಂದು, "ಕೃಪಾ, ನಿನ್ನ ಕೈ ತೋರಿಸು" ಎನ್ನುತ್ತಿದ್ದರು. ಡೆಮಾನ್‌ಸ್ಟ್ರೇಟರ್ ಬೇರೆ ಮೇಜಿನ ಹುಡುಗರನ್ನು ಕರೆತಂದು, "ಹೀಗೆ ಇರಬೇಕು" ಎನ್ನುತ್ತಿದ್ದರು. ಪುಸ್ತಕ ಹಿಡಿದ ನಾನು ಆಗ ಅಡ್ಡ ನಿಂತಿರುತ್ತಿದ್ದೆ. "ಸ್ವಲ್ಪ ಸರಿಯಮ್ಮಾ" ಎನ್ನುತ್ತಿದ್ದರು. ಸರಿಯುತ್ತಿದ್ದೆ.

ನಮ್ಮ ಮನೆಗೂ ಅವಳು ಬರತೊಡಗಿದಳು. ಒಂದು ಸಂಜೆ ಅಮ್ಮ ಇಬ್ಬರಿಗೂ ಒಂದೊಂದು ದಾಳಿಂಬೆ ಕೊಟ್ಟಳು. ನಾನು ನನ್ನದನ್ನು ಚಾಕುವಿನಿಂದ ಅಡ್ಡ ಹೋಳು ಮಾಡಿದೆ. ರಸ ಸೋರಿ ಟೇಬಲ್ ಕ್ಲಾತ್ ಕೆಂಪಾಯಿತು. ಕೃಪಾ ತೊಟ್ಟಿನ ಸುತ್ತ ಸಿಪ್ಪೆಯನ್ನಷ್ಟೇ ಕೊಯ್ದು, ಒಳಗಿನ ಬಿಳಿ ಗೋಡೆಗಳ ಗುಂಟ ಬೆರಳಿಟ್ಟು ಹಣ್ಣನ್ನು ಹೂವಿನ ಹಾಗೆ ಬಿಡಿಸಿದಳು. ಒಂದು ಕಾಳೂ ಒಡೆಯಲಿಲ್ಲ.

"ಅಯ್ಯ, ನೋಡ ವೈದೇಹಿ," ಅಮ್ಮ ಅವಳ ಬೆರಳು ಹಿಡಿದಳು. "ಕೈ ಅಂದ್ರ ಹಿಂಗಿರಬೇಕು. ನಿನ್ನ ಬಾಯಿ ಒಂದು ಜೋರು."

"ಇಲ್ಲ ಮಾಸಿ, ಆಕಿ ಬಾಯಿ ಇಲ್ಲಂದ್ರ ನನ್ನ ಕೈ ಕುಲ್ಡ," ಎಂದಳು ಕೃಪಾ. ಕುರುಡು ಎನ್ನಲು ಹೋಗಿ ಹಾಗೆಂದಳು. ಅಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವಳು ನಿಜವನ್ನೇ ಹೇಳಿದ್ದಳು. ಅದನ್ನು ಅಷ್ಟು ಸುಲಭವಾಗಿ ಹೇಳಬಲ್ಲಳೆಂಬುದೂ ನನ್ನನ್ನು ಚುಚ್ಚಿತು. ಆ ರಾತ್ರಿ ಊಟ ಬೇಡವೆಂದೆ.

ಅವಳು ಒಳ್ಳೆಯವಳಲ್ಲದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಡಿಸೆಕ್ಷನ್ ಹಾಲಿನ ಪಕ್ಕದಲ್ಲಿ ವಿಭಾಗದ ಮ್ಯೂಸಿಯಮ್ ಇತ್ತು. ಗಾಜಿನ ಜಾಡಿಗಳಲ್ಲಿ ಕೈ, ಕಾಲು, ಹೃದಯ, ಶ್ವಾಸಕೋಶ. ಪ್ರತಿ ಬ್ಯಾಚಿನಿಂದ ಒಂದೇ ಒಂದು ಡಿಸೆಕ್ಷನ್ ಅಲ್ಲಿಗೆ ಹೋಗುತ್ತಿತ್ತು. ಬಹುತೇಕ ಮುಖದ್ದು, ಏಕೆಂದರೆ ಮುಖ ಎಲ್ಲಕ್ಕಿಂತ ಕಷ್ಟ. ಜಾಡಿಯ ಕೆಳಗೆ ಕೊಯ್ದವರ ಹೆಸರು, ವರ್ಷ. ಬೇರೆ ಬಹುಮಾನವೇನೂ ಇಲ್ಲ. ನಾನು ಎಷ್ಟೋ ಮಧ್ಯಾಹ್ನ ಆ ಲೇಬಲ್ಲುಗಳನ್ನು ಓದುತ್ತ ನಿಂತಿದ್ದೇನೆ. ಅರವತ್ತೊಂದನೆಯ ಇಸವಿಯ ಒಂದು ಜಾಡಿಯ ಮೇಲೆ ಮಾತ್ರ ಹೆಂಗಸಿನ ಹೆಸರಿತ್ತು. ಅದರ ಪಕ್ಕದಲ್ಲಿ ನನ್ನ ಹೆಸರನ್ನು ಮನಸ್ಸಿನಲ್ಲೇ ಎಷ್ಟು ಸಲ ಅಂಟಿಸಿಕೊಂಡಿದ್ದೆನೋ ಲೆಕ್ಕವಿಲ್ಲ.

ಎರಡನೆಯ ವರ್ಷ ದೀಪಾವಳಿ ರಜೆ ಮುಗಿಸಿ ಬಂದಾಗ ಮಾಂಕಡ್ ಸರ್ ನಮ್ಮ ಮೇಜಿಗೆ ಬಂದು ಹೇಳಿದರು: "ಈ ಸಲದ ಮುಖ ಇಲ್ಲಿಂದ. ಎಡಭಾಗ ಕೃಪಾ ಮಾಡಲಿ. ಐದೂ ಕವಲು ಪೂರ್ತಿ ಬಿಡಿಸಿ ಕೊಟ್ಟರೆ ಮ್ಯೂಸಿಯಮ್ಮಿಗೆ ತಗೊಳ್ತೀನಿ."

ಮುಖವನ್ನು ಆಡಿಸುವ ನರ ಕಿವಿಯ ಮುಂದಿನ ಜೊಲ್ಲುಗ್ರಂಥಿಯೊಳಗೆ ಹೊಕ್ಕು, ಬಾತುಕೋಳಿಯ ಪಾದದ ಹಾಗೆ ಐದು ಕವಲಾಗುತ್ತದೆ. ಹಣೆಗೊಂದು, ಕಣ್ಣಿಗೊಂದು, ಕೆನ್ನೆಗೊಂದು, ಕೆಳದುಟಿಗೊಂದು, ಕತ್ತಿಗೊಂದು. ಐದನ್ನೂ ತುಂಡಾಗದಂತೆ ಬಿಡಿಸುವುದೇ ಆ ಕೆಲಸ.

ಅಂದು ನಲ್ಲಿಯ ಹತ್ತಿರ ಕೈ ತೊಳೆಯುವಾಗ ಕೃಪಾ ಕೇಳಿದಳು, "ಲೇಬಲ್ ಮ್ಯಾಲ ನಿನ್ನ ಹೆಸರೂ ಹಾಕ್ರಿ ಅಂತ ಸರ್‌ಗೆ ಕೇಳ್ಲೇನು? ಓದಿದಾಕಿ ಅಂತ?"

"ಬ್ಯಾಡ. ಕೊಯ್ದವರದಷ್ಟ ಹಾಕೋದು."

"ಆದ್ರ ಅರ್ಧ ನಿಂದ ಅಲ್ಲಾ."

"ಬ್ಯಾಡ ಅಂದೆ."

ಅವಳು ಕೇಳಿದ್ದರೆ ಸರ್ ಒಪ್ಪುತ್ತಿದ್ದರೇನೋ. ಭಿಕ್ಷೆಯಾಗಿ ಸಿಗುವ ಅರ್ಧ ನನಗೆ ಬೇಕಿರಲಿಲ್ಲ. ನನಗೆ ಅವಳದೇ ಬೇಕಿತ್ತು.

ಡಿಸೆಂಬರಿನ ಒಂದು ಶುಕ್ರವಾರ ಕತ್ತಿನಿಂದ ದವಡೆಯ ಮೇಲಕ್ಕೆ ಹೋಗುವುದಿತ್ತು. ಮೇಜಿನ ಹತ್ತಿರ ನಾವು ಮೂವರೇ. ಉಳಿದವರು ಬಯೋಕೆಮಿಸ್ಟ್ರಿ ಜರ್ನಲ್ಲಿಗೆ ಸಹಿ ಹಾಕಿಸಲು ಹೋಗಿದ್ದರು. ಹೇಮಾಂಗ್ ಫೋರ್ಸೆಪ್ಸ್ ಹಿಡಿದಿದ್ದ. ಕತ್ತಿನ ಚರ್ಮದ ಕೆಳಗೆ ಕಾಗದದಷ್ಟು ತೆಳುವಾದ ಒಂದು ಸ್ನಾಯು ಹರಡಿಕೊಂಡಿರುತ್ತದೆ. ಅದನ್ನು ಕೆಳಗಿನಿಂದ ಬಿಡಿಸಿ ಮೇಲಕ್ಕೆ ಮಡಚಬೇಕು. ನಾನು ಪುಸ್ತಕದ ಮೇಲೆ ಬೆರಳಿಟ್ಟು ಹೇಳುತ್ತಿದ್ದೆ: "ಕೆನಿಯಂಥಾದ್ದು ಒಂದು ಹಾಳಿ ಅದ. ಕೆಳಗಿಂದ ಅಡ್ಡ ಕೊಯ್ಯಿ. ಆತಾ? ಈಗ ಮ್ಯಾಲೆ ಎತ್ತು."

ಮುಂದಿನ ಸಾಲು ನನ್ನ ಬೆರಳ ಕೆಳಗೇ ಇತ್ತು. ಈ ಸ್ನಾಯುವನ್ನು ದವಡೆಯ ಮೇಲಕ್ಕೆ ಮಡಚುವ ಮೊದಲು ಎಚ್ಚರ: ಕೆಳದುಟಿಗೆ ಹೋಗುವ ನರ ಇದರ ಬೆನ್ನಿಗೇ ಇರುತ್ತದೆ, ಕೆಲವರಲ್ಲಿ ದವಡೆಯ ಅಂಚಿಗಿಂತ ಕೆಳಗೆ ಜೋತಿರುತ್ತದೆ ಎಂದು. ಓದಿದೆ. ಮನಸ್ಸಿನಲ್ಲೇ ಕನ್ನಡ ಮಾಡಿಯೂ ಆಗಿತ್ತು. ಶ್ಯಾವಿಗಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಲ್ಲೇ ಇಟ್ಟುಕೊಂಡೆ.

ಕೃಪಾ ಸ್ಕಾಲ್ಪೆಲ್ ಎತ್ತಿ ಹಿಡಿದು ಕಾದಳು. ಅವಳ ಕೈ ಯಾವಾಗಲೂ ನನ್ನ ಮಾತಿನ ಕೊನೆಗಾಗಿ ಕಾಯುತ್ತಿತ್ತು.

"ಇಷ್ಟನ?"

"ಇಷ್ಟ."

ಅವಳು ಆ ಹಾಳೆಯನ್ನು ಒಂದೇ ಹದದಲ್ಲಿ ಬಿಡಿಸುತ್ತ ದವಡೆಯ ಅಂಚಿಗೆ ಬಂದಳು. ನಾನು ನೋಡುತ್ತಿದ್ದೆ. ಈಗಲೂ ಹೇಳಬಹುದು, ಈಗಲೂ ಹೇಳಬಹುದು ಎಂದುಕೊಳ್ಳುತ್ತಲೇ ನೋಡುತ್ತಿದ್ದೆ. ಬ್ಲೇಡು ಅಂಚು ದಾಟಿತು. ಆಮೇಲೆ ಹೇಳುವುದೇನೂ ಉಳಿಯಲಿಲ್ಲ.

ಸೋಮವಾರ ಅವಳು ಗ್ರಂಥಿಯನ್ನು ಚೂರು ಚೂರಾಗಿ ತೆಗೆದು ಕವಲುಗಳನ್ನು ಹಿಂಬಾಲಿಸಿದಳು. ನಾಲ್ಕು ಕವಲು ಕೊನೆಯ ತನಕ ಬಂದವು, ಬಿಳಿಯಾಗಿ, ಯಾರೋ ಬರೆದಿಟ್ಟ ಹಾಗೆ. ಕೆಳದುಟಿಗೆ ಹೋಗುವುದು ಮಾತ್ರ ದವಡೆಯ ಅಂಚಿನಲ್ಲಿ ಮೊಂಡಾಗಿ ನಿಂತಿತ್ತು. ಕೃಪಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೇಲಕ್ಕೆ ಮಡಚಿದ್ದ ಹಾಳೆಯನ್ನು ಎತ್ತಿದಳು. ಅದರ ಬೆನ್ನಿಗೆ ಉಳಿದ ತುಂಡು ಅಂಟಿಕೊಂಡಿತ್ತು.

ಮಾಂಕಡ್ ಸರ್ ಕನ್ನಡಕ ಹಣೆಗೇರಿಸಿ ಬಗ್ಗಿದರು. "ಪುಸ್ತಕದಲ್ಲಿ ಎಚ್ಚರಿಕೆ ಇದೆ," ಎಂದರು. ನನ್ನತ್ತ ತಿರುಗಿದರು. "ಓದುವವಳು ನೀನಲ್ಲವಾ? ಆ ಸಾಲು ಓದಿದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಕೃಪಾ ಹೇಳಿದಳು, "ಓದಿದ್ಲು ಸರ್. ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ಅವಳು ನನ್ನನ್ನು ಉಳಿಸಲು ಹಾಗೆ ಹೇಳಲಿಲ್ಲ. ಹಾಗೆಂದು ನಂಬಿದ್ದಳು. ವೈದೇಹಿ ಓದಿರಲೇಬೇಕು, ತಪ್ಪಿದ್ದು ನಾನೇ ಎಂದು ಅವಳ ಮುಖದಲ್ಲಿ ಬರೆದಿತ್ತು. ನಾನು ಬಾಯಿ ಮುಚ್ಚಿದೆ. ಅಮ್ಮನೆದುರು ಬಾಯಿ ಜೋರಾದರೂ ಹೊರಗೆ ಮೌನವಾಗಿರುವುದು ನನಗೆ ಚಿಕ್ಕಂದಿನಿಂದ ಸುಲಭ. ಮಾತಿಲ್ಲದ ಹುಡುಗಿ, ಗಂಭೀರ ಹುಡುಗಿ ಎಂದು ಧಾರವಾಡದಲ್ಲಿ ಎಲ್ಲರೂ ಮೆಚ್ಚುತ್ತಿದ್ದರು.

"ಕೈ ಎಷ್ಟು ಚೆನ್ನಾಗಿದ್ದರೇನು, ಕಿವಿ ಬೇಡವಾ?" ಎಂದರು ಸರ್. "ಬಲಭಾಗ ಉಳಿದಿದೆ. ಮುಂದಿನ ಸೋಮವಾರದಿಂದ ಅದನ್ನು ಈಕೆ ಮಾಡಲಿ. ನೀನು ಓದು. ಓದಿ ಹೇಳುವುದು ಎಂದರೇನು ಎಂದು ನಿನಗೂ ತಿಳಿಯಲಿ."

ಹದಿನೈದು ತಿಂಗಳು ನಾನು ಬಯಸಿದ್ದು ಒಂದು ವಾಕ್ಯದಲ್ಲಿ ನನ್ನ ಕೈಗೆ ಬಂತು. ಆ ವಾರವಿಡೀ ನನಗೆ ಪಶ್ಚಾತ್ತಾಪವಾಯಿತೆಂದು ಹೇಳಿದರೆ ಸುಳ್ಳಾದೀತು. ಸ್ಕಾಲ್ಪೆಲ್ಲಿಗೆ ಹೊಸ ಬ್ಲೇಡು ಕೊಂಡೆ. ಮ್ಯೂಸಿಯಮ್ಮಿಗೆ ಹೋಗಿ ಖಾಲಿ ಜಾಡಿಗಳು ಎಲ್ಲಿವೆಯೆಂದು ನೋಡಿ ಬಂದೆ.

ಸೋಮವಾರ ಮೇಜಿನ ಸುತ್ತ ಎಂಟೂ ಜನ ಇದ್ದರು. ಕೃಪಾ ಓದುತ್ತಾಳೆ ಎನ್ನುವುದೇ ತಮಾಷೆಯಾಗಿತ್ತು. ಹೇಮಾಂಗ್, "ಕೃಪಾಬೆನ್, ಮುಗಿಯೋ ಹೊತ್ತಿಗೆ ನಮ್ಮ ಇಂಟರ್ನ್‌ಶಿಪ್ಪೂ ಮುಗಿದಿರುತ್ತೆ" ಎಂದ. ಅವಳೂ ನಕ್ಕಳು. ತಲೆಯ ಬಳಿ ನಿಂತು ಪುಸ್ತಕ ತೆರೆದಳು.

ಅವಳು ಓದಿದ ರೀತಿ ನಾನು ಎಂದೂ ಓದಿದ್ದಿಲ್ಲ. ಒಂದೊಂದು ಪದವನ್ನೂ ನೆಲಕ್ಕಿಟ್ಟು, ಅದು ನಿಲ್ಲುತ್ತದೆಯೇ ನೋಡಿ, ಆಮೇಲೆ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಉಚ್ಚಾರ ತಪ್ಪಿದ್ದರೂ ಅರ್ಥ ತಪ್ಪಲಿಲ್ಲ. ಹತ್ತು ನಿಮಿಷದಲ್ಲಿ ನಗು ನಿಂತಿತು. ನನ್ನ ಕೈ ಮಾತ್ರ ನನ್ನ ಮಾತು ಕೇಳಲಿಲ್ಲ. ಕತ್ತಿನ ಚರ್ಮವನ್ನು ಎರಡು ಕಡೆ ತೂತು ಮಾಡಿದೆ. ಆ ಕಾಗದದಂಥ ಸ್ನಾಯು ಅಂಚಿನಲ್ಲಿ ಚಿಂದಿಯಾಯಿತು. ಹೇಗೋ ಅದನ್ನು ಬಿಡಿಸಿ ಮೇಲಕ್ಕೆ ಎತ್ತಿ ಹಿಡಿದೆ.

ಕೃಪಾ ಮುಂದಿನ ಸಾಲು ಓದಿದಳು. ಆ ಸಾಲು. ಇಂಗ್ಲಿಷಿನಲ್ಲಿ ಒಂದು ಸಲ. ನಿಧಾನವಾಗಿ ಇನ್ನೊಂದು ಸಲ. ಆಮೇಲೆ ತಲೆಯೆತ್ತದೆ ಕನ್ನಡದಲ್ಲಿ ಹೇಳಿದಳು:

"ಇದರ ಬೆನ್ನಿಗೆ ಒಂದು ಶ್ಯಾವಿಗಿ ಐತಿ. ತುಟಿಗೆ ಹೋಗೋದು. ಕೆಲವ್ರಿಗೆ ಜೋತು ಬಿದ್ದಿರತೈತಿ. ನೋಡ್ಕೊಂಡು ಎತ್ತು."

ಸುತ್ತಲಿನ ಆರು ಜನಕ್ಕೆ ಅದು ಅರ್ಥವಾಗದ ಭಾಷೆ. ಹಾಳೆಯ ಬೆನ್ನನ್ನು ನೋಡಿದೆ. ಅಲ್ಲಿ ಅದು ಇತ್ತು. ಕೂದಲಿಗಿಂತ ಸ್ವಲ್ಪ ದಪ್ಪ. ಅವಳು ಹೇಳದಿದ್ದರೆ ಖಂಡಿತ ಕೊಯ್ದಿರುತ್ತಿದ್ದೆ.

ಗುರುವಾರದ ಹೊತ್ತಿಗೆ ಐದೂ ಕವಲು ಬಂದವು. ಮಾಂಕಡ್ ಸರ್ ನೋಡಿದರು. ತೂತುಬಿದ್ದ ಚರ್ಮ, ಚಿಂದಿಯಾದ ಸ್ನಾಯು, ಅರ್ಧ ಗ್ರಂಥಿ ಅಂಟಿಕೊಂಡೇ ಇದ್ದ ನರ. "ಪರೀಕ್ಷೆಗೆ ಸಾಕು," ಎಂದು ಏಳನೇ ಮೇಜಿಗೆ ಹೋದರು. ಆ ವರ್ಷದ ಮುಖ ಅಲ್ಲಿಂದ ಹೋಯಿತು. ಕೊಯ್ದ ಹುಡುಗನ ಹೆಸರು ಈಗ ನೆನಪಿಲ್ಲ. ಲೇಬಲ್ ನಾನು ಓದಲಿಲ್ಲ.

ಎಲ್ಲರೂ ಹೋದ ಮೇಲೆ ನಲ್ಲಿಯ ಹತ್ತಿರ ನಾವಿಬ್ಬರೇ ಇದ್ದೆವು. ಕೃಪಾ ಉಗುರಿನ ಸಂದಿಗೆ ಸಾಬೂನು ಉಜ್ಜುತ್ತಿದ್ದಳು. ಆ ವಾರ ಅವಳು ಏನನ್ನೂ ಮುಟ್ಟಿರಲಿಲ್ಲ, ಆದರೂ.

"ಕೃಪಾ, ಅವತ್ತ ನಾನು..."

"ಗೊತ್ತೈತಿ."

"ಯಾವಾಗಿಂದ?"

"ಸರ್ ಬೈದ ಮರುದಿನದಿಂದ. ಲೈಬ್ರರಿಗೆ ಹೋಗಿ ಡಿಕ್ಷನರಿ ಇಟ್ಕೊಂಡು ಓದಿದೆ. ನಾನು ಎಲ್ಲಿ ತಪ್ಪಿದೆ ಅಂತ ಹುಡುಕಾಕ. ಎಷ್ಟ ಓದಿದ್ರೂ ಆ ಸಾಲು ನಿನ್ನ ಬಾಯಾಗ ಕೇಳಿದ ನೆನಪ ಬರ್ಲಿಲ್ಲ. ನೀ ಹೇಳಿದ್ದು ಉಳಿದದ್ದೆಲ್ಲಾ ನೆನಪೈತಿ." ನಲ್ಲಿ ನಿಲ್ಲಿಸಿದಳು. "ಅದು ಬಿಡು. ಹೋತು. ನನಗ ಒಂದ ಹೇಳು. ಹಂಗ ಎಷ್ಟು ಸಲ ಮಾಡಿದಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನನಗ ಏನೇನು ಗೊತ್ತೈತೋ ಎಲ್ಲಾ ನೀ ಹೇಳಿದ್ದ," ಎಂದಳು. ದನಿ ಏರಿರಲಿಲ್ಲ. "ಕೈ, ಕಾಲು, ಹೊಟ್ಟಿ, ಎಲ್ಲಾ. ಪರೀಕ್ಷೆಗೆ ಏಳು ವಾರ ಐತಿ. ಎಲ್ಲೆಲ್ಲಿ ಬಿಟ್ಟಿ ಅಂತ ಹೇಳಿದ್ರ ಅಷ್ಟ ಓದ್ಕೋತೀನಿ."

"ಅದೊಂದ. ದೇವರಾಣಿ ಅದೊಂದ ಸಾಲು."

ಅವಳು ತಲೆಯಾಡಿಸಿದಳು. ನಂಬಿದಳು ಎಂದುಕೊಂಡೆ. ಮರುದಿನ ಲೈಬ್ರರಿಯ ಕಿಟಕಿಯ ಪಕ್ಕ ಅವಳು ಮ್ಯಾನ್ಯುಯಲ್ಲಿನ ಮೊದಲ ಸಂಪುಟದ ಮೊದಲ ಪುಟ ತೆರೆದು ಕೂತಿರುವುದನ್ನು ಕಂಡೆ. ಪಕ್ಕದಲ್ಲಿ ದಪ್ಪ ಡಿಕ್ಷನರಿ, ಒಂದು ಪೆನ್ಸಿಲ್.

ಉಳಿದವರೆಲ್ಲ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಉತ್ತರಾಯಣಕ್ಕೆ ಎಲ್ಲರೂ ಮಾಳಿಗೆ ಹತ್ತಿ ಪಟ ಹಾರಿಸಿದರು. ಅವಳು ಅಂದೂ ಬಂದಿದ್ದಳಂತೆ. ಲೈಬ್ರರಿ ಮುಚ್ಚಿದ್ದರಿಂದ ಮೆಟ್ಟಿಲ ಮೇಲೆ ಕೂತು ಓದಿ ಹೋದಳೆಂದು ಹೇಮಾಂಗ್ ಹೇಳಿದ. ನಾನು ಪ್ರತಿದಿನ ಅವಳಿಂದ ಎರಡು ಮೇಜು ಆಚೆ ಕೂರುತ್ತಿದ್ದೆ. ಮೊದಲ ವಾರ ಒಂದು ಪುಟಕ್ಕೆ ಅವಳಿಗೆ ಒಂದು ತಾಸು ಹಿಡಿಯುತ್ತಿತ್ತು. ಮೂರನೇ ವಾರ ಡಿಕ್ಷನರಿಯನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ನಾನೂ ಆ ಪುಸ್ತಕವನ್ನು ಅಷ್ಟು ನಿಧಾನವಾಗಿ ಓದಿರಲಿಲ್ಲ. ಕೈಯೊಂದೇ ಅವಳದೆಂದು ತಿಳಿದಿದ್ದೆ. ಈಗ ಪುಸ್ತಕವೂ ಅವಳದಾಗುತ್ತಿತ್ತು, ಅದೂ ನನ್ನಿಂದಲೇ. ನಾಚಿಕೆಯಾಗಬೇಕಾದಲ್ಲಿ ಹೊಟ್ಟೆಕಿಚ್ಚೇ ಮೊದಲು ಬಂತು. ನಾಚಿಕೆ ಅದರ ಹಿಂದೆ ತಡವಾಗಿ ಬಂತು.

ಆಗಾಗ ಅವಳು ಎದ್ದು ನನ್ನ ಮೇಜಿಗೆ ಬರುತ್ತಿದ್ದಳು. ಒಂದು ಪ್ಯಾರಾದ ಮೇಲೆ ಬೆರಳಿಟ್ಟು, "ಇದು ನೀ ಹೇಳಿದ್ದು ಸರಿ ಐತಿ" ಎಂದು ಹೇಳಿ ಹೋಗುತ್ತಿದ್ದಳು. ಕುಟುಕುವ ದನಿಯಲ್ಲಲ್ಲ. ತಂದೆ ಮಾಡಿದ ಲೇಥ್ ಕೆಲಸಕ್ಕೆ ಅಳತೆಯ ಗೇಜು ಹಚ್ಚಿ ನೋಡುವವರು ಹೇಳುವಂತೆ. ಭುಜ ಸರಿ. ಕಂಕುಳು ಸರಿ. ಅಂಗೈ ಸರಿ. ಅವಳು ಬಂದಾಗಲೆಲ್ಲ ನನಗೆ ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗಾಗುತ್ತಿತ್ತು.

ಜನವರಿಯ ಕೊನೆಗೆ ಒಂದು ಮಧ್ಯಾಹ್ನ ಅವಳು ಪುಸ್ತಕವನ್ನು ಎತ್ತಿಕೊಂಡೇ ಬಂದು ನನ್ನ ಮುಂದಿಟ್ಟಳು. ತೋಳಿನ ಅಧ್ಯಾಯ. ಕಂಕುಳಿನಿಂದ ಇಳಿಯುವ ದೊಡ್ಡ ನರ ತೋಳಿನ ನಡುವೆ ರಕ್ತನಾಳವನ್ನು ಅಡ್ಡ ದಾಟುತ್ತದೆ, ಹೊರಮಗ್ಗುಲಿಂದ ಒಳಮಗ್ಗುಲಿಗೆ.

"ನೀ ಒಳಗಿಂದ ಹೊರಗ ಅಂತ ಹೇಳಿದ್ದಿ," ಎಂದಳು. "ಮೊದಲ ವೈವಾದಾಗ ನಾ ಹಂಗ ಹೇಳಿದೆ. ಸರ್ ಪುಸ್ತಕ ಮುಚ್ಚಿ ಕಳಿಸಿದ್ರು. ನನಗ ಇಂಗ್ಲಿಷ್ ಬರ್ಲಿಲ್ಲ ಅಂತ ಕಳಿಸಿದ್ರು ಅಂದ್ಕೊಂಡಿದ್ದೆ."

ನಾನು ಆ ಸಾಲು ಓದಿದೆ. ಮತ್ತೆ ಓದಿದೆ. ಅದು ನನಗೆ ನಿಜವಾಗಿಯೂ ಹೊಸದಾಗಿತ್ತು. ನಾನೂ ಹದಿನಾರು ತಿಂಗಳು ಒಳಗಿನಿಂದ ಹೊರಗೆ ಎಂದೇ ತಿಳಿದಿದ್ದೆ. ಅವಸರದಲ್ಲಿ ತಿರುಗಾ ಮುರುಗಾ ಓದಿರಬೇಕು. ನನ್ನ ವೈವಾದಲ್ಲಿ ಆ ಪ್ರಶ್ನೆ ಬರಲಿಲ್ಲ, ಅಷ್ಟೇ.

"ಇದು ನಾ ಬೇಕಂತ ಮಾಡಿದ್ದಲ್ಲ ಕೃಪಾ. ನನಗೂ ಗೊತ್ತಿರಲಿಲ್ಲ. ಖರೇನ."

ಅವಳು ನನ್ನ ಮುಖ ನೋಡಿದಳು. ಚರ್ಮದ ಕೆಳಗೆ ಏನಿದೆಯೆಂದು ಬ್ಲೇಡು ಇಡುವ ಮುಂಚೆ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಆ ಕ್ಷಣ ನಾನು ಹೇಳುತ್ತಿದ್ದುದು ಪೂರ್ತಿ ನಿಜ. ಅದನ್ನು ತೋರಿಸಲು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ. ಮೊದಲ ತಿಂಗಳ ಮಾತು ಅದು. ಆಗ ನನ್ನೊಳಗೆ ಇನ್ನೂ ಹೊಟ್ಟೆಕಿಚ್ಚೇ ಇರಲಿಲ್ಲವೆಂದು ಹೇಳಲು ಹೋದೆ. ಹೋಗಿ, ದಿನಗಳನ್ನು ಹಿಂದಕ್ಕೆ ಎಣಿಸತೊಡಗಿದೆ. ಎಣಿಸುತ್ತ ಹೋದಂತೆ, ಇರಲಿಲ್ಲವೇ ಎಂದು ನನಗೇ ಹೇಳಲಾಗಲಿಲ್ಲ.

"ಇರ್ಲಿ," ಎಂದಳು ಕೃಪಾ. ಪೆನ್ಸಿಲ್ಲಿನಿಂದ ಆ ಸಾಲಿನ ಪಕ್ಕ ಒಂದು ಗೆರೆ ಎಳೆದು, ಪುಸ್ತಕ ಎತ್ತಿಕೊಂಡು ಕಿಟಕಿಯ ಪಕ್ಕದ ತನ್ನ ಜಾಗಕ್ಕೆ ಹೋಗಿ, ಮುಂದಿನ ಪುಟ ತಿರುಗಿಸಿದಳು.